ಮ್ಯಾಚಿಂಗ್ ಸೆಂಟರಿನ ಕಡುನೀಲಿ

ಮುಂಬೈಯ ಘಾಟ್ಕೋಪರ್‌ನ ಮ್ಯಾಚಿಂಗ್ ಸೆಂಟರಿನಲ್ಲಿ ನಾನೂ ನಮ್ಮ ಕಾಕಾನೂ ಕೆಲಸಕ್ಕಿದ್ದೆವು. ಸೀರೆ ತಂದವರಿಗೆ ಅದೇ ಬಣ್ಣದ ಬ್ಲೌಸ್ ಬಟ್ಟೆ ಕೊಡುವ ಅಂಗಡಿ. ಕೌಂಟರ್ ಕಾಕಾನದು. ಸೀರೆ ಒಮ್ಮೆ ನೋಡಿ ಸೀದಾ ಆ ಬಣ್ಣದ ಖಾನೆಗೆ ಕೈ ಹಾಕುತ್ತಿದ್ದ. ಆ ವರ್ಷ ಮಾತ್ರ ಬಣ್ಣ ಸರಿಯಿಲ್ಲ ಎಂದು ಬಟ್ಟೆ ವಾಪಸ್ ಬರತೊಡಗಿತು. ಫೋನಿನಲ್ಲಿ ಬಣ್ಣ ಹಿಡಿಯುವಂಥದ್ದು ಏನಾದರೂ ಮಾಡು ಎಂದು ಅಂಗಡಿಯ ಮಾಲೀಕ ಸೇಠ್ ನನಗೆ ಹೇಳಿದ.

ನಾನು ಒಂಬತ್ತನೇ ಕ್ಲಾಸ್ ಫೇಲು. ಲೋಕಲ್ ಟ್ರೇನಿನಲ್ಲಿ ನಿಂತು ವಿಡಿಯೋ ನೋಡಿ ಕೋಡ್ ಕಲಿತವನು. ಯಾರೋ ಬರೆದಿಟ್ಟ ಕೋಡಿನ ಸಣ್ಣ ಲೈಬ್ರರಿ ಸಿಕ್ಕಿತ್ತು. ಇಪ್ಪತ್ತು ಸಾಲು ಬರೆದರೆ, ಉದಾಹರಣೆ ನೋಡಿ ಕಲಿಯುವ ಒಂದು ನ್ಯೂರಲ್ ನೆಟ್‌ವರ್ಕ್ ತಯಾರು. ಬಟ್ಟೆಯ ಫೋಟೋದಲ್ಲಿ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು ಮೂರು ಸಂಖ್ಯೆ ಕೊಡಬೇಕು, ಸರಿ ಉತ್ತರವನ್ನೂ, ಅಂದರೆ ಬಣ್ಣದ ಹೆಸರನ್ನೂ, ಕೊಡಬೇಕು. ತೋರಿಸಿದಷ್ಟೂ ಅದರ ತಪ್ಪು ಇಳಿಯುತ್ತದೆ. ಉತ್ತರ ಹೇಳಿದವನು ಕಾಕಾ. ನಾನು ತುಂಡು ಹಿಡಿದೆ, ಅವನು ಬಣ್ಣ ಹೇಳಿದ, ನಾನು ಬರೆದುಕೊಂಡೆ.

ಕೆಂಪು, ಹಳದಿಯನ್ನು ಬೇಗ ಕಲಿತುಕೊಂಡಿತು. ಕಡುನೀಲಿ, ನೇರಳೆ, ಕಪ್ಪು ಬರಲೇ ಇಲ್ಲ. ತಪ್ಪು ಇಳಿಯುತ್ತ ಬಂದು ಒಂದು ಕಡೆ ನಿಂತುಬಿಡುತ್ತಿತ್ತು. ವಾರವಿಡೀ ಕೋಡ್ ಬದಲಿಸಿದೆ. ಲೈಬ್ರರಿ ಬರೆದವನನ್ನು ಬೈದೆ. ಕೊನೆಗೆ ನಾನು ಬರೆದುಕೊಂಡದ್ದನ್ನೇ ತೆಗೆದು ನೋಡಿದೆ. ಬಟ್ಟೆಯ ಒಂದೇ ಸುರುಳಿಯಿಂದ, ಒಂದೇ ಥಾನಿನಿಂದ, ಕತ್ತರಿಸಿದ ಎರಡು ತುಂಡಿಗೆ ಕಾಕಾ ಎರಡು ಬಣ್ಣ ಹೇಳಿದ್ದ.

ಮರುದಿನ ಕಡುನೀಲಿ ತುಂಡು ಹಿಡಿದೆ.

“ಇದು ಯಾವ್ದು ಕಾಕಾ?”

“ಕರೀದು.”

“ಇನ್ನೊಮ್ಮಿ ನೋಡ್ರಿ.”

“ಏನ್ ನೋಡೂದಲೇ? ಕರೀದೈತಿ. ಕಣ್ಣು ಕಾಣಂಗಿಲ್ಲೇನ್ ನಿನಗ?”

ಅವನು ತುಂಡನ್ನು ಬಾಗಿಲ ಬೆಳಕಿಗೆ ಒಯ್ದ. ತಿರುಗಿಸಿದ, ಮತ್ತೆ ತಿರುಗಿಸಿದ.

“ಡಾಕ್ಟರ್ ಕಡೆ ಹೋಗೂಣ ಕಾಕಾ.”

“ಸಾವಕಾಶ ಮಾತಾಡು. ಸೇಠ್‌ಗ ಕೇಳಿಸ್ತೈತಿ.”

ಅವನಿಗೆ ಗೊತ್ತಿತ್ತು.

ಫೋನ್ ಕೈಯಲ್ಲಿದ್ದರೆ ಕಾಕಾ ಕೌಂಟರಿನಲ್ಲೇ ಉಳಿಯಬಹುದು, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ. ಥಾನಿಗೆ ಅಂಟಿಸಿದ ಬಣ್ಣದ ಹೆಸರಿನ ಚೀಟಿ ನೋಡಿ ಉತ್ತರಗಳನ್ನೆಲ್ಲ ತಿದ್ದಿದೆ. ಅದೇ ದಿನ ತಪ್ಪು ಸರಸರ ಇಳಿಯಿತು. ಸೇಠ್ ಹತ್ತು ಸೀರೆ ಇಟ್ಟು ನೋಡಿದ. ಹತ್ತೂ ಸರಿ ಬಂದವು.

“ಕಲೀತೇನಲೇ ಅದು?” ಎಂದು ಕಾಕಾ ಕೇಳಿದ.

“ಕಲೀತ್ರಿ. ನೀವಽ ಕಲಿಸಿದ್ರಲ್ಲ.”

ಅವನು ನನ್ನ ಮುಖ ನೋಡಲಿಲ್ಲ.

ಸೋಮವಾರ ಸೇಠ್ ಫೋನ್ ಕೊಟ್ಟು ನನ್ನನ್ನೇ ಕೌಂಟರಿನಲ್ಲಿ ನಿಲ್ಲಿಸಿದ. ಕಾಕಾ ಹಿಂದೆ ಕೂತು ಥಾನು ಸುತ್ತುತ್ತಾನೆ. ಗಿರಾಕಿ ಕಪ್ಪು ಕೇಳಿದರೆ ನಾನೇ ಹೋಗಿ ತೆಗೆಯುತ್ತೇನೆ. ಅವನನ್ನು ಕೇಳುವುದಿಲ್ಲ.