ಬುಡ ಕೊಯ್ದ ಅಣಬೆ

ಐವರ್ನಾಡಿನ ಅಮ್ಮುವನ್ನು ಊರೆಲ್ಲ ಕರೆಯುವುದು ಅಮ್ಮಕ್ಕ ಎಂದೇ. ಮೊದಲ ಮಳೆಗೆ ಗುಡುಗು ಬಂದ ಮರುದಿನ ಗುಡ್ಡೆಯಿಂದ ಅಣಬೆ ತಂದವರು ಮನೆಗೆ ಹೋಗುವ ಮೊದಲು ಅವಳ ಅಂಗಳಕ್ಕೆ ಬರುತ್ತಿದ್ದರು. ಅವಳು ಒಂದೊಂದನ್ನೇ ತಿರುಗಿಸಿ, ಮೂಸಿ, ಮುಖ್ಯವಾಗಿ ಬುಡದ ಬೇರು ನೋಡಿ 'ತಿನ್ನಬಹುದು' ಎಂದರೆ ಅದು ಸಾರಿಗೆ, 'ಬೇಡ' ಎಂದರೆ ಗೊಬ್ಬರದ ಗುಂಡಿಗೆ. ಇದನ್ನು ಯಾರೂ ಅವಳನ್ನು ಕೂರಿಸಿಕೊಂಡು ಕಲಿಸಿದ್ದಲ್ಲ. ಅಪ್ಪನ ಹಿಂದೆ ಗುಡ್ಡೆ ಸುತ್ತಿ, ಎರಡು ಸಲ ವಾಂತಿ ಮಾಡಿ ಸುಸ್ತಾಗಿ ಕಲಿತದ್ದು.

ಆರು ವರ್ಷದ ಹಿಂದಿನ ಒಂದು ಬೆಳಿಗ್ಗೆ ಅಂಗಳದಲ್ಲಿ ಹತ್ತು ಹನ್ನೆರಡು ಜನ ಇದ್ದರು. ನೆರೆಮನೆಯ ಸುಂದರ ತನ್ನ ಮಗ ದಿಶಾಂತನ ಕೈ ಹಿಡಿದುಕೊಂಡು ಬಂದ. ಸುಂದರನ ಬುಟ್ಟಿಯಲ್ಲಿದ್ದ ಅಣಬೆಗಳ ಬುಡವನ್ನು ಮಣ್ಣು ಮಣ್ಣಾಗುತ್ತದೆಂದು ಗುಡ್ಡೆಯಲ್ಲೇ ಕೊಯ್ದು ಎಸೆದಾಗಿತ್ತು. ನೋಡಲು ಬೇರೇ ಇಲ್ಲ. 'ಇದು ನನಗೆ ಗೊತ್ತಾಗುದಿಲ್ಲ' ಎಂದು ಅಮ್ಮಕ್ಕ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಜನ ಬಾಯಿ ನೋಡುತ್ತಿರುವಾಗ ಆ ಮಾತಿಗೆ ಅವಳ ನಾಲಿಗೆ ಏಳಲಿಲ್ಲ.

"ಒಳ್ಳೆದಾ ಅಜ್ಜಿ?" ಎಂದು ಕೇಳಿದ ಐದು ವರ್ಷದ ಹುಡುಗ.

"ಒಳ್ಳೆದು ಮಗಾ," ಎಂದಳು ಅಮ್ಮಕ್ಕ.

ಮರುದಿನ ಸುಂದರನ ಮನೆಯವರೆಲ್ಲ ಆಸ್ಪತ್ರೆ ಸೇರಿದರು. ದೊಡ್ಡವರು ಎದ್ದು ಬಂದರು. ದಿಶಾಂತ್ ಬರಲಿಲ್ಲ.

ಅಣಬೆಯದ್ದೇ ವಿಷ ಎಂದು ಡಾಕ್ಟರು ಹೇಳಿದರೂ ಊರು ಒಪ್ಪಬೇಕಲ್ಲ! ಅಮ್ಮಕ್ಕ ನೋಡಿದ ಅಣಬೆ ಕೆಡುಕು ಮಾಡುವುದೆಂದರೇನು? ಆ ವಾರ ಸುಂದರ ಅಡಿಕೆಗೆ ಮೈಲುತುತ್ತಿನ ಮದ್ದು ಬಿಟ್ಟಿದ್ದನಲ್ಲ, ಸರಿಯಾಗಿ ಕೈ ತೊಳೆಯದೆ ಅಣಬೆ ಮುಟ್ಟಿರಬೇಕು ಎಂದು ಊರೇ ತೀರ್ಮಾನ ಮಾಡಿತು. ಮಗುವಿನ ಉತ್ತರಕ್ರಿಯೆಯ, ಬೊಜ್ಜದ ಊಟದ ದಿನ ನಾಲ್ಕು ಜನ ಅದನ್ನು ಸುಂದರನ ಎದುರೇ ಆಡಿದರು. ಅಮ್ಮಕ್ಕ ಅಲ್ಲೇ ಕೂತಿದ್ದಳು, ತುಟಿ ಬಿಚ್ಚಲಿಲ್ಲ.

ಅವತ್ತಿನಿಂದ ಅವಳು ತುತ್ತು ಎತ್ತಿದಾಗೆಲ್ಲ ಕಿವಿಯ ಹತ್ತಿರ ಒಂದು ಸ್ವರ, "ಒಳ್ಳೆದಾ ಅಜ್ಜಿ?" ಅನ್ನವಾದರೂ ಅದೇ, ಬರಿಯ ಗಂಜಿಯಾದರೂ ಅದೇ. ಒಮ್ಮೊಮ್ಮೆ ಅಂಗಳದ ಮೂಲೆಯಲ್ಲಿ ಪುಟ್ಟ ಕಾಲುಗಳು ಕಂಡಂತಾಗಿ ಅವಳು ಬಟ್ಟಲು ಬಿಟ್ಟು ಎದ್ದು ಹೋಗುತ್ತಿದ್ದಳು. ಹೋಗಿ ನೋಡಿದರೆ ಯಾರೂ ಇರುತ್ತಿರಲಿಲ್ಲ.

ಅಣಬೆ ನೋಡುವುದನ್ನು ನಿಲ್ಲಿಸಿದಳು. ಏನು ಕೇಳಿದರೂ ಬಹಳ ಹೊತ್ತು ಸುಮ್ಮನಿದ್ದು, "ಅವಸರ ಮಾಡ್ಬೇಡಿ, ಇನ್ನೊಬ್ಬರ ಹತ್ರ ಕೇಳಿ" ಎನ್ನತೊಡಗಿದಳು. ಜನರೇನು ಕಡಿಮೆಯೇ! ಈ ಹೆದರಿಕೆಗೆ ವಿವೇಕ ಎಂದು ಹೆಸರಿಟ್ಟರು. ಪಾಲು ಪಂಚಾತಿಗೆ, ಸಂಬಂಧ ಕೂಡಿಸುವುದಕ್ಕೆ, ದನ ಮಾರುವುದಕ್ಕೂ ಅವಳನ್ನೇ ಕೇಳತೊಡಗಿದರು. ಹೊಗಳಿದಷ್ಟೂ ಅವಳು ಒಳಗೊಳಗೇ ಸತ್ತಳು.

ಈ ವರ್ಷ ಮಳೆ ಹಿಡಿದ ವಾರ ಸುಂದರನ ಹೆಂಡತಿ ಸುಪ್ರಿತಾ ಬಂದು ಜಗಲಿಯಲ್ಲಿ ಕೂತಳು. ಅವರಿಗೀಗ ನಾಲ್ಕು ವರ್ಷದ ಮಗಳು, ಪ್ರೀತಿಕಾ.

"ಅವರು ಮಗುವನ್ನು ಮುಟ್ಟುದೇ ಇಲ್ಲ ಅಮ್ಮಕ್ಕ. ಹುಟ್ಟಿದಂದಿನಿಂದ ಒಮ್ಮೆಯೂ ಎತ್ತಿಕೊಳ್ಳಲಿಲ್ಲ. ತೋಟದಿಂದ ಬಂದವರು ಕೈ ತೊಳೀತಾರೆ, ತೊಳೀತಾರೆ, ರಕ್ತ ಬರುವವರೆಗೆ. ಈ ಕೈ ಒಂದನ್ನು ಕೊಂದದ್ದು ಸಾಲದಾ ಅಂತಾರೆ. ನಿಮ್ಮ ಮಾತಾದರೆ ಕೇಳಿಯಾರು. ನೀವೊಮ್ಮೆ ಬುದ್ಧಿ ಹೇಳಿ."

ನಿಜ ಹೇಳಿದರೆ ಅಮ್ಮಕ್ಕನ ಅರುವತ್ತು ವರ್ಷದ ಹೆಸರು ಹೋಗುತ್ತದೆ. ಹೇಳದಿದ್ದರೆ ಆ ಮಗು ಅಪ್ಪ ಇದ್ದೂ ಇಲ್ಲದ ಹಾಗೆ ಬೆಳೆಯುತ್ತದೆ. ಊರು ಹೇಳುವ ವಿವೇಕ ದಿಶಾಂತ್ ಸತ್ತ ಮೇಲೆ ತನಗೆ ಬಂದದ್ದಲ್ಲ, ಅದು ಇನ್ನೂ ಬಂದೇ ಇಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಸೆರಗು ಸರಿಮಾಡಿಕೊಂಡು, "ನಡಿ," ಎಂದಳು.

ಸುಂದರ ನಲ್ಲಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ತೆಂಗಿನ ನಾರಿನಿಂದ ಬೆರಳುಗಳನ್ನು ತಿಕ್ಕುತ್ತಿದ್ದ. ಹುಡುಗಿ ಎರಡು ಮಾರು ದೂರದಲ್ಲಿ ನಿಂತು ನೋಡುತ್ತಿದ್ದಳು. ಅಷ್ಟೇ ದೂರ ನಿಲ್ಲಬೇಕೆಂದು ಅವಳಿಗೆ ಅಭ್ಯಾಸವಾಗಿತ್ತು.

"ನಿನ್ನ ಕೈಯಿಂದ ಅಲ್ಲ ಸುಂದರ," ಎಂದಳು ಅಮ್ಮಕ್ಕ. "ಅವತ್ತು ಬುಡ ಇಲ್ಲದ ಅಣಬೆ ನೋಡಿ ನನಗೆ ಗೊತ್ತಾಗಲಿಲ್ಲ. ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಮರ್ಯಾದೆ ಅಡ್ಡ ಬಂತು. ಒಳ್ಳೆದು ಅಂದೆ. ಮಗುವನ್ನು ಕೊಂದದ್ದು ನನ್ನ ಬಾಯಿ."

ಸುಂದರ ನಾರನ್ನು ಬದಿಗಿಟ್ಟು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ನೀರು ಸುರಿಯುತ್ತಲೇ ಇತ್ತು.

"ತಪ್ಪು ಯಾರಿಂದಲೂ ಆಗ್ತದೆ ಅಮ್ಮಕ್ಕ," ಎಂದ. "ನಾನು ಆರು ವರ್ಷ ಹೀಗೆ ಕೈ ತಿಕ್ಕುದು ನಿಮ್ಮ ಜಗಲಿಗೆ ಕಾಣ್ತಿತ್ತಲ್ಲ. ಯಾಕೆ ತಿಕ್ಕುದು ಅಂತ ಗೊತ್ತಿತ್ತಾ ನಿಮಗೆ?"

ಇಲ್ಲ ಎಂದಿದ್ದರೆ ಅವನು ನಂಬುತ್ತಿದ್ದ.

"ಗೊತ್ತಿತ್ತು," ಎಂದಳು ಅಮ್ಮಕ್ಕ. "ದಿನಾ ನೋಡ್ತಿದ್ದೆ."