ಬೋರ್ಮಾದಲ್ಲಿ ಉಳಿದ ಪಟ್ಟಿ

ಹೋದ ವಾರ ನಮ್ಮ ಗೇರುಬೀಜ ಕಾರ್ಖಾನೆಯ ಹಳೆಯ ಬೋರ್ಮಾ ಒಡೆದರು. ಬೀಜದ ತಿರುಳನ್ನು ಬಿಸಿಗಾಳಿಯಲ್ಲಿ ಒಣಗಿಸುವ, ಸಣ್ಣ ಕೋಣೆಯಷ್ಟಿದ್ದ ಒಲೆ ಅದು. ಅದರ ಜಾಗಕ್ಕೆ ಕರೆಂಟಿನದ್ದು ಬರುತ್ತದೆ. ಹಿಂಬದಿಯ ತಗಡು ಕಳಚುತ್ತಿದ್ದ ಕೆಲಸದವರೊಬ್ಬರು ಏನನ್ನೋ ನನ್ನ ಕೈಗಿಟ್ಟು, "ಇದ್ ಎಂತ ಅಕ್ಕಾ?" ಅಂದರು. ಗೇಣುದ್ದದ, ಎರಡು ಬೆರಳಗಲದ ಫೈಬರ್ ಪಟ್ಟಿ. ಕಾವಿಗೆ ಕಂದುಬಣ್ಣಕ್ಕೆ ತಿರುಗಿತ್ತು. ಮೇಲೆ ಮಾರ್ಕರಿನಲ್ಲಿ ಬರೆದ ಮೂರರ ಅಂಕಿ, ಅದರಡಿ ಎರಡು ಗೆರೆ. ಆ ಗೆರೆ ಎಳೆದ ಕೈ ಯಾರದೆಂದು ನನಗೆ ಗೊತ್ತಿತ್ತು.

ಅವರು ನಮ್ಮ ಪಕ್ಕದ ಮನೆಯವರು, ನನ್ನ ಬಾಯಲ್ಲಿ ಮಾವ. ಮುಂಬೈಯಲ್ಲಿ ವಿಮಾನ ರಿಪೇರಿಯ ಶೆಡ್ಡಿನಲ್ಲಿ ಆಯುಷ್ಯ ಸವೆಸಿ, ನಿವೃತ್ತಿಯ ಮೇಲೆ ಬೈಂದೂರಿನ ಹತ್ತಿರದ ನಮ್ಮೂರಿಗೆ ಬಂದಿದ್ದರು. ಬಂದವರು ಸುಮ್ಮನೆ ಜಗಲಿಯಲ್ಲಿ ಕೂರಲಿಲ್ಲ. ಹಿತ್ತಿಲಿನ ಶೆಡ್ಡಿನಲ್ಲಿ, ಒಬ್ಬರೇ ಕೂರುವಂಥ ಪುಟ್ಟ ವಿಮಾನ ಕಟ್ಟಲು ಹೊರಟರು. ಊರು ನಕ್ಕಿತು. ನಾನೂ ನಕ್ಕವಳೇ.

"ಮಾವ, ಶಂಕರನಾರಾಯಣಕ್ಕೆ ಸಮ ಬಸ್ಸೇ ಇಲ್ಲೆ, ಅಲ್ಲಿಗೊಂದ್ ಟ್ರಿಪ್ ಬಿಡಿ" ಎಂದು ಕೆಣಕುತ್ತಿದ್ದೆ.

"ಸೀಟ್ ಒಂದೇ ಮಗಾ. ನಿಂಗೆ ಟಿಕೇಟ್ ಇಲ್ಲೆ" ಎನ್ನುತ್ತಿದ್ದರು.

ರೆಕ್ಕೆ, ಬಾಲ ಎಲ್ಲ ಆದ ಮೇಲೆ ಅವರನ್ನು ಕಾಡಿದ್ದು ಎಂಜಿನ್ನಿನ ಮುಚ್ಚಳ. ತಗಡಿನಲ್ಲಿ ಆ ಉರುಟು ಮೂಗಿನ ಆಕಾರ ಬರುತ್ತಿರಲಿಲ್ಲ. ಗಂಗೊಳ್ಳಿಯಲ್ಲಿ ಫೈಬರ್ ದೋಣಿ ಮಾಡುವ ರಾಳ, ಗಾಜಿನೆಳೆಯ ಬಟ್ಟೆ ಬೇಕಾದಷ್ಟು ಸಿಗುತ್ತಿತ್ತು. ಆದರೆ ದೋಣಿ ಇರುವುದು ನೀರಿನಲ್ಲಿ, ಈ ಮುಚ್ಚಳದ ಒಳಗೆ ಇರುವುದು ಸುಡುವ ಹೊಗೆಕೊಳವೆ. ಅವರ ಪರೀಕ್ಷೆ ಸರಳ. ಒಂದೊಂದು ರಾಳದಲ್ಲೂ ಒಂದು ಪಟ್ಟಿ ಮಾಡಿ, ಕುದಿಯುವ ನೀರಿನಲ್ಲಿ ಮುಳುಗಿಸಿ, ತೆಗೆದ ಕೂಡಲೇ ಎರಡು ಇಟ್ಟಿಗೆಗಳ ಮೇಲೆ ಅಡ್ಡ ಇಟ್ಟು ನಡುವೆ ಒಂದು ಕಿಲೋ ತೂಕದ ಕಲ್ಲು ಇಡುತ್ತಿದ್ದರು. ದೋಣಿಯ ರಾಳದ್ದು ನೆನೆದ ಹಪ್ಪಳದ ಹಾಗೆ ಬಗ್ಗಿತು. ಎರಡನೆಯದೂ ಅದೇ ಕತೆ. ಮೂರನೆಯದು ದೂರದಿಂದ ತರಿಸಿದ ಎಪಾಕ್ಸಿ, ಅದಕ್ಕೊಂದು ಷರತ್ತಿತ್ತು. ಗಟ್ಟಿಯಾದ ಮೇಲೂ ಅದನ್ನು ಎಂಟು ಗಂಟೆ ಒಂದೇ ಸಮನಾದ ಕಾವಿನಲ್ಲಿ ಇಡಬೇಕು. ಇಲ್ಲದಿದ್ದರೆ ಕಾಣಲು ಗಟ್ಟಿ, ಬಿಸಿ ತಾಗಿದರೆ ಮೆತ್ತಗೆ.

"ಬಿಸ್ಲ್ ಸಾಕಾತಿಲ್ಲೆ ಮಗಾ. ನಿಮ್ ಬೋರ್ಮಾದ ಒಳ್ಗೆ ಒಂದ್ ದಿನ ಇಡುಕಾತ್ತಾ?" ಎಂದು ಕೇಳಿದರು. ಆಗ ಬೋರ್ಮಾ ನೋಡಿಕೊಳ್ಳುತ್ತಿದ್ದವಳು ನಾನು, ಬೀಗದ ಕೈಯೂ ನನ್ನ ಹತ್ತಿರವೇ. ಭಾನುವಾರ ರಜೆ, ತನ್ನಿ ಅಂದೆ.

ಬೆಳಿಗ್ಗೆ ಎಂಟಕ್ಕೆ ಮುಚ್ಚಳವನ್ನು ಬಾಣಂತಿಯ ಕೂಸಿನಂತೆ ಎತ್ತಿಕೊಂಡು ಬಂದರು. ಜೊತೆಗೆ ಅದೇ ರಾಳದ ಒಂದು ಪಟ್ಟಿ, ಸಂಜೆ ಕಲ್ಲಿಟ್ಟು ನೋಡಲಿಕ್ಕೆ. ಎರಡನ್ನೂ ಒಳಗಿಟ್ಟು ಒಲೆ ಹಚ್ಚಿದೆ. ಹನ್ನೊಂದಕ್ಕೆ ಧಣಿಗಳ ಫೋನು ಬಂತು. ಮರುದಿನ ಲಾರಿ ಹೊರಡುತ್ತದೆ, ಉಳಿದ ತಿರುಳನ್ನು ಈಗಲೇ ಒಣಗಿಸಬೇಕು. ಮುಚ್ಚಳದ ವಿಷಯ ನಾನು ಧಣಿಗಳಿಗೆ ಹೇಳಿಯೇ ಇರಲಿಲ್ಲ. ಅದನ್ನು ಹೊರತೆಗೆದು ಅಂಗಳದ ಗೋಡೆಗೆ ಒರಗಿಸಿ, ತಿರುಳಿನ ತಟ್ಟೆಗಳನ್ನು ಒಳಗೆ ತಳ್ಳಿದೆ. ಪಟ್ಟಿಯ ನೆನಪೇ ಆಗಲಿಲ್ಲ, ತಟ್ಟೆ ತಳ್ಳುವಾಗ ಹಿಂದಿನ ಸಂದಿಗೆ ಜಾರಿತ್ತೇನೋ.

ಸಂಜೆ ಮಾವ ಬಂದರು. ದಿನವಿಡೀ ಬಿಸಿಲುಂಡ ಮುಚ್ಚಳ ಬೆಚ್ಚಗಿತ್ತು. ಅದರ ಮೇಲೆ ಅಂಗೈ ಸವರುತ್ತಾ ಕೇಳಿದರು.

"ಪೂರಾ ಎಂಟ್ ಗಂಟಿ ಇದ್ದಿತ್ತಾ?"

"ಇದ್ದಿತ್ತ್ ಮಾವ. ಈಗಷ್ಟೇ ತೆಗ್ದದ್ದ್."

ಯಾಕೆ ಹಾಗಂದೆ? ನಾಚಿಕೆ ಸ್ವಲ್ಪ. ಅದಕ್ಕಿಂತ ಹೆಚ್ಚಾಗಿ ತಾತ್ಸಾರ. ಮುದುಕರ ಆಟ, ಮೂರು ಗಂಟೆಯಾದರೇನು, ಎಂಟಾದರೇನು ಅನ್ನಿಸಿತ್ತು. ಪಟ್ಟಿ ಎಲ್ಲೋ ಬಿದ್ದುಹೋಯಿತು ಎಂದಾಗಲೂ ಅವರು ಬೇಸರಿಸಲಿಲ್ಲ. "ಅಡ್ಡಿಲ್ಲೆ. ನೀನ್ ಹೇಳ್ದ್ ಮೇಲೆ ಇನ್ನೆಂತ ಪರೀಕ್ಷೆ" ಎಂದು ಮುಚ್ಚಳ ಹೊತ್ತು ಹೋದರು.

ವಿಮಾನದ ಬಾಲವನ್ನು ತೆಂಗಿನ ಮರಕ್ಕೆ ಹಗ್ಗದಿಂದ ಬಿಗಿದು ಎಂಜಿನ್ ಓಡಿಸಿದ ದಿನ ನಾನೂ ಬೇಲಿ ದಾಟಿ ನೋಡಲು ಹೋಗಿದ್ದೆ. ಹತ್ತು ನಿಮಿಷ ಚೆನ್ನಾಗಿಯೇ ಓಡಿತು. ಆಮೇಲೆ ಮುಚ್ಚಳದ ಕೆಳಗಿನ ಅಂಚು ಮೆಲ್ಲನೆ ಜೋತುಬಿದ್ದು ಹೊಗೆಕೊಳವೆಗೆ ತಾಗಿತು. ಕಪ್ಪು ಹೊಗೆ, ಕಮಟು ವಾಸನೆ. ಮಾವ ಎಂಜಿನ್ ನಿಲ್ಲಿಸಿ, ಒದ್ದೆ ಗೋಣಿ ಒತ್ತಿದರು.

"ಈ ರಾಳ ಆರ್ಸದ್ದೇ ತಪ್ಪಾಯ್ತ್ ಕಾಣ್" ಅಂದರು. "ಒಂದ್ ಮುಚ್ಚಳಕ್ಕೆ ಎಂತ ಬೇಕ್ ಅಂದ್ ಗೊತ್ತಾಗ್ದಿದ್ದವ ಆಕಾಶಕ್ಕೆ ಹೋಪುಕಾಗ."

ನಾನು ಎರಡು ಮಾರು ದೂರದಲ್ಲಿದ್ದೆ. ಬಾಯಿ ತೆರೆಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಉಳಿದ ಮಾತಿನಿಂದ ಏನೇನು ಹೋಗುತ್ತದೆಂದು ಗಾದೆ ಕಟ್ಟಿದವರು ಹೇಳಲಿಲ್ಲ.

ಅವರು ಮತ್ತೆ ಶೆಡ್ಡಿನ ಬಾಗಿಲು ತೆರೆದದ್ದು ನಾನು ಕಾಣೆ. ಬ್ರಹ್ಮಾವರದಿಂದ ಇದೇ ಹುಚ್ಚಿನ ಇನ್ನೊಬ್ಬರು ಫೋನು ಮಾಡಿದಾಗ, "ಆ ರಾಳ ಮಾತ್ರ ತಕಂಬ್ಕ್ ಹೋಗ್ಬೇಡಿ" ಎಂದು ಬುದ್ಧಿ ಹೇಳುವುದು ಬೇಲಿಯಾಚೆಯಿಂದ ಕೇಳಿಸುತ್ತಿತ್ತು. ನಾಳೆ ಹೇಳೋಣ, ಹಬ್ಬ ಕಳೆಯಲಿ, ಮಳೆ ನಿಲ್ಲಲಿ ಎಂದುಕೊಂಡೇ ಎರಡು ವರ್ಷ ಕಳೆದೆ... ಮಾವ ತೀರಿಯೇ ಹೋದರು.

ಮೊನ್ನೆ, ಬೋರ್ಮಾದೊಳಗೇ ಉಳಿದು ಪೂರಾ ಕಾವುಂಡಿದ್ದ ಆ ಪಟ್ಟಿಯನ್ನು ಮನೆಗೆ ತಂದು ಪಾತ್ರೆಯಲ್ಲಿ ನೀರು ಕುದಿಸಿದೆ. ಅದ್ದಿ, ತೆಗೆದು, ಎರಡು ಇಟ್ಟಿಗೆಗಳ ಮೇಲಿಟ್ಟು ಕಲ್ಲು ಹೇರಿದೆ. ಬಗ್ಗಲಿ ದೇವರೇ ಎಂದು ನಿಜಕ್ಕೂ ಬೇಡಿಕೊಂಡೆ. ಬಗ್ಗಿದ್ದರೆ ನನ್ನ ಪಾಲಿನ ತಪ್ಪು ಸ್ವಲ್ಪವಾದರೂ ಕಡಿಮೆಯಾಗುತ್ತಿತ್ತು. ಮತ್ತೆ ಕುದಿಸಿದೆ, ಮತ್ತೆ ಇಟ್ಟೆ. ಒಂದು ಕೂದಲೆಳೆಯಷ್ಟೂ ಬಗ್ಗಲಿಲ್ಲ.

ಪಟ್ಟಿ ಹಿಡಿದುಕೊಂಡು ಮಾವನ ಮನೆಗೆ ಹೋದೆ. ಅತ್ತೆ ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದರು. ಪಕ್ಕದಲ್ಲಿ ನೀರಿನ ಪಂಪಿಗೆ ಮಳೆ ತಾಗದ ಹಾಗೆ ಆ ಮುಚ್ಚಳವನ್ನೇ ಕವುಚಿದ್ದಾರೆ. ನಿಂತಲ್ಲೇ ಎಲ್ಲ ಹೇಳಿದೆ. ಮಾವ ಆರಿಸಿದ ರಾಳ ಸರಿಯಾಗಿಯೇ ಇತ್ತು, ಕೆಡಿಸಿದ್ದು ನಾನು ಅಂದೆ. ಅತ್ತೆ ಬೈಯಲಿಲ್ಲ. ಪಟ್ಟಿಯನ್ನು ಒದ್ದೆ ಕೈಯಲ್ಲಿ ತಿರುಗಿಸಿ, ಅಂಕಿಯ ಮೇಲೆ ಬೆರಳಾಡಿಸಿದರು.

"ಅವ್ರ್ ಬದ್ಕಿಪ್ಪತಿಗೆ ಹೇಳ್ಬೇಕಿತ್ತ್ ಮಗಾ" ಎಂದಷ್ಟೇ ಹೇಳಿ ಬಟ್ಟೆಯ ಕಡೆ ತಿರುಗಿದರು.

ಬರುವಾಗ ಮುಚ್ಚಳದ ಜೋತುಬಿದ್ದ ಅಂಚಿನ ಮೇಲೆ ಕೈಯಿಟ್ಟೆ. ಬಿಸಿಲಿಗೆ ಬೆಚ್ಚಗಿತ್ತು, ಆ ಭಾನುವಾರದ ಹಾಗೆಯೇ.