ಬುದ್ಧಿಬಲದ ವಾಚನಾಲಯಕ್ಕೆ ಫೌಜದಾರರು ಬಂದದ್ದು

ಗೆದ್ದರೂ ಜೈಲು, ಸೋತರೂ ಜೈಲು. ಅಂಥ ಆಟವನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ.

ಶಿಗ್ಗಾಂವಿಯ ಆಚೆಗೆ ಒಂದೂರು. (ಹೆಸರು ಬೇಡ, ನಾನು ಅಲ್ಲಿಗೆ ಇನ್ನೂ ಹೋಗಿಬರಬೇಕು.) ಅಲ್ಲಿನ ಜಮೀನುದಾರರು ಬಸಲಿಂಗಪ್ಪನವರು ತಮ್ಮ ಪಡಸಾಲೆಯಲ್ಲಿ ಒಂದು ವಾಚನಾಲಯ ತೆರೆದಿದ್ದರು. ಪುರಾಣ ಇಲ್ಲ, ಕಾದಂಬರಿ ಇಲ್ಲ. ಗೋಡೆ ತುಂಬ ಬುದ್ಧಿಬಲದ, ಅಂದರೆ ಚದುರಂಗದ ಪುಸ್ತಕಗಳೇ. ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್. ಓದುಗರು ಇಬ್ಬರು: ನಾನು ಮತ್ತು ಸವಣೂರಿನ ಅರಿವೆ ವ್ಯಾಪಾರಿ ಇಮಾಮಸಾಹೇಬರು.

ಚಲೇಜಾವ್ ಚಳವಳಿಯ ಕಾಲ. ಒಂದು ಮಧ್ಯಾಹ್ನ ಪೊಲೀಸ್ ಠಾಣೆಯ ಫೌಜದಾರರು ಒಳಗೆ ಬಂದರು. ಮೂವರು ಗಂಡಸರು ಬಾಯಿ ಮುಚ್ಚಿಕೊಂಡು ಓದುತ್ತಿದ್ದರೆ ಸರಕಾರಕ್ಕೆ ಸಂಶಯ ಬಾರದೆ?

ಕೈಗೆ ಸಿಕ್ಕ ಪುಸ್ತಕ ತೆರೆದರು.

"‘ರಾಜನನ್ನು ಮುತ್ತುವ ಬಗೆ’. ಏನ್ರಿ ಇದು?"

"ಆಟದ ಪುಸ್ತಕರಿ ಸಾಹೇಬರ," ಎಂದರು ಬಸಲಿಂಗಪ್ಪನವರು.

"ಆಟ ನನಗೂ ಬರ್ತೈತಿ. ಆಡೋದು ಬ್ಯಾರೆ, ರಾಜಾನ್ನ ಮುತ್ರಿ ಅಂತ ಛಾಪಿಸೋದು ಬ್ಯಾರೆ. ಈ ‘ಆ ೪, ಕು ೬’ ಅಂದ್ರೇನು?"

"ಆನಿ ನಾಕನೇ ಮನಿಗೆ, ಕುದುರಿ ಆರನೇ ಮನಿಗೆ ಹೋಗ್ತಾವ್ರಿ."

"ಯಾರ ಮನಿಗೆ?"

ಪುಸ್ತಕಗಳೆಲ್ಲ ಚಕ್ಕಡಿ ಏರಿದವು. "ಇವನ್ನ ಬಿಟ್ಟು ನಾ ಇರಾಂಗಿಲ್ರಿ," ಎಂದು ಬಸಲಿಂಗಪ್ಪನವರು ತಾವೇ ಹತ್ತಿ ಕುಳಿತರು. ನಾವಿಬ್ಬರು ಹಿಂದೆ ನಡೆದೆವು.

ಠಾಣೆಯಲ್ಲಿ ಫೌಜದಾರರು ಬಸಲಿಂಗಪ್ಪನವರ ಮುಂದೆ ಚದುರಂಗದ ಪಟ ಹಾಸಿದರು. "ಬರೇ ಆಟ ಅಂತೀರಲ್ಲ, ನನ್ನ ಕೂಡ ಆಡಿ ತೋರಸ್ರಿ."

ಇಮಾಮಸಾಹೇಬರು ನನ್ನ ಕಿವಿಯಲ್ಲಿ ಹೇಳಿದರು: "ಗೆದ್ರ ಸಾಹೇಬರಿಗೆ ಸಿಟ್ಟು. ಸೋತ್ರ, ಇಷ್ಟು ಓದಿ ಸೋಲ್ತಾನಂದ್ರ ಇವು ಆಟದ ಪುಸ್ತಕ ಅಲ್ಲ ಅಂತಾರ."



ಬಸಲಿಂಗಪ್ಪನವರು ತಲೆ ಎತ್ತಲಿಲ್ಲ. ವಜೀರನಿಗೆ ವಜೀರ, ಆನೆಗೆ ಆನೆ, ಒಂದು ಕೊಟ್ಟು ಒಂದು ತೆಗೆದರು. ಹಣೆಯ ಬೆವರು ಪಟದ ಮೇಲೆ ತೊಟ್ಟಿಕ್ಕಿತು. ಪ್ಯಾದೆಗಳೂ ಮುಗಿದವು. ಕಡೆಗೆ ಉಳಿದವರು ಇಬ್ಬರು ರಾಜರು, ಎದುರುಬದುರು, ಸುಖವಾಗಿ.

"ಸಮ ಆತು," ಎಂದರು ಫೌಜದಾರರು, ಮೀಸೆ ತೀಡುತ್ತ. "ನೀವು ಓದಿ ಆಡಿದ್ರಿ, ನಾ ಓದಲಾರದ ಆಡಿದೆ."

ವರದಿ ಬರೆಸಿದರು: ‘ಪರೀಕ್ಷಿಸಲಾಗಿದೆ. ಸದರಿ ಆಟದಿಂದ ರಾಜರಿಗೆ ಯಾವ ಅಪಾಯವೂ ಇಲ್ಲ.’

ಚಕ್ಕಡಿ ಮರಳಿತು. ದಾರಿಯಲ್ಲಿ ಬಸಲಿಂಗಪ್ಪನವರು, "ಎರಡು ಸಲ ಗೆಲ್ಲಾವಿದ್ದೆ," ಎಂದರು. "ಕೈ ತಡದು ತಡದು ನೋವಾಗೇತಿ." ಅವರ ಕಣ್ಣು ಒದ್ದೆಯಾಗಿತ್ತು.

ಸ್ವರಾಜ್ಯ ಬಂತು. ಮೊನ್ನೆ ವಾಚನಾಲಯದ ವಾರ್ಷಿಕೋತ್ಸವ. ಅಧ್ಯಕ್ಷರು ಯಾರು? ನಿವೃತ್ತ ಫೌಜದಾರರೇ. ತಲೆಯ ಮೇಲೆ ಖಾದಿ ಟೋಪಿ. "ಈ ಗ್ರಂಥಗಳನ್ನ ಪರಕೀಯರ ಕೈಯಿಂದ ಉಳಿಸಿದಾವ ನಾನು," ಎಂದರು. ಜನ ಚಪ್ಪಾಳೆ ತಟ್ಟಿತು. ಬಸಲಿಂಗಪ್ಪನವರು ಅವರಿಗೆ ಹಾರ ಹಾಕಿ, ಅಂದಿನ ಹಾಗೆ ತಲೆ ಎತ್ತದೆ ಕುಳಿತರು.

ಅಷ್ಟೂ ಪುಸ್ತಕ ಓದಿದ ಅವರನ್ನೇ ಕೇಳಬೇಕು: ಆಟದ ನಡುವೆ ಬಿಳಿ ಕಾಯಿ ಕರಿ ಕಾಯಿಯಾಗುವ ನಡೆ ಯಾವುದರಲ್ಲಿದೆ?